ಮಸ್ಕಿಯಲ್ಲಿ ಹಂಚಿದ ಪೇಡಾ

ಮಂಗಳವಾರ, ೧೪ ಅಕ್ಟೋಬರ್ ೨೦೨೫, ಸಂತೆಕಲ್ಲೂರು

ಅಕ್ಕನ ಗಂಡ ಮರಿಸ್ವಾಮಿ ಮಾವನ ಜೊತೆ ವಾದ ಮಾಡಿ ಮಾಡಿ ತಲೆ ಕಾದ ಹಂಚಾಗಿದೆ.

ಕಸ್ತೂರೆಮ್ಮಕ್ಕನ ಹೊಟ್ಟೆಯ ಕ್ಯಾನ್ಸರ್ ನೋವಿಗೆ ರಾಯಚೂರಿನ ಡಾಕ್ಟರು ಬೆನ್ನಿನ ಕಡೆಯಿಂದ ಸೂಜಿ ಹಾಕಿ, ನೋವಿನ ಸುದ್ದಿ ಒಯ್ಯುವ ನರವನ್ನು ಮಲಗಿಸಿದರು. ಹೆದರಿ ಕೂತಿದ್ದ ಇಡೀ ಮನೆಯನ್ನು ಒಪ್ಪಿಸಿದವನು ನಾನೇ. ಈ ಸೀಮೆಯಲ್ಲಿ ಇನ್ಯಾರಿಗಿತ್ತು ಆ ಧೈರ್ಯ? ಇವತ್ತು ಅಕ್ಕ ಒಲೆ ಮುಂದೆ ಕೂತು ರೊಟ್ಟಿ ಬಡಿದಳು. ಅದನ್ನು ನೋಡಿದ್ದೇ ತಡ, ನಾಳೆ ಕ್ಯಾನ್ಸರ್ ಚಿಕಿತ್ಸೆಗೆ ಆಸ್ಪತ್ರೆಗೆ ಹೋಗುವುದೇ ಬೇಡ ಎಂದುಬಿಟ್ಟರು ಮಾವ.

"ನರ ಮಲಗ್ಯದರೀ ಮಾವ, ಹೊಟ್ಟ್ಯಾಗಿನ ಕ್ಯಾನ್ಸರ್ ಗಡ್ಡಿ ಮಲಗಿಲ್ಲ. ದವಾಖಾನಿ ಬಿಡಬ್ಯಾಡ್ರಿ," ಎಂದೆ.

"ಅಕ್ಕ ಗುಣ ಆಗ್ಯಾಳ ಅಂತ ಮಸ್ಕಿ ಬಸ್‌ಸ್ಟ್ಯಾಂಡಿನಾಗ ಕಂಡಕಂಡವರಿಗೆ ಪೇಡಾ ಹಂಚಿದಾಂವ ನೀನೇ ಅಲ್ಲೇನಲೇ?"

ಹಂಚಿದ್ದು ನಿಜ. ನೋವು ಹೋದ ಖುಷಿಗೆ ಹಂಚಿದೆ. ಬಾಯಿ ನಾಲ್ಕು ಮಾತು ಜಾಸ್ತಿ ಆಡಿತು.

ಅಷ್ಟರಲ್ಲಿ ಅಕ್ಕ ಬಿಸಿ ರೊಟ್ಟಿ ತಂದು ನನ್ನ ತಾಟಿಗೆ ಹಾಕಿ, "ಯಾಕ ಜಗಳಾಡಾಕತ್ತೀರಿ? ನನಗ ಗುಣ ಆಗ್ಯದಲ್ಲೋ ತಮ್ಮಾ?" ಎಂದಳು.

ಊರನ್ನೆಲ್ಲ ನಗಿಸುವ ಬಾಯಿ ಇದು. ಅದರ ತುಂಬ ರೊಟ್ಟಿ ತುರುಕಿಕೊಂಡೆ.

ನಾಳೆ ಹೊತ್ತು ಹುಟ್ಟುವುದರೊಳಗೆ ಗಾಡಿ ತಂದು ನಿಲ್ಲಿಸುತ್ತೇನೆ, ಮಾವ ಎಷ್ಟಾದರೂ ಬೈಯಲಿ. ಆದರೆ ಗಾಡಿ ಹತ್ತುವಾಗ ಅಕ್ಕ ಮತ್ತೆ ಅದನ್ನೇ ಕೇಳಿದರೆ, ಹೋಗಿದ್ದು ನೋವಷ್ಟೇ, ರೋಗವಲ್ಲ ಎಂದು ಯಾವ ಬಾಯಿಂದ ಹೇಳಲಿ?