ಹೆಸರು ಬರೆದುಕೊಡುವ ವಿಷಯ

ಮಾನ್ಯ ಡಾಕ್ಟರ್ ಮೋಹನ್‌ಬಾಬು ಅವರಿಗೆ ನೌರೀನ್ ಮಾಡುವ ನಮಸ್ಕಾರಗಳು.

ಗುರುವಾರ ಬೊಂಬೆಯ ಮೇಲೆ ನಡೆದ ಹೆರಿಗೆ ಅಭ್ಯಾಸದಲ್ಲಿ ತಾಯಿಗೆ ರಕ್ತಸ್ರಾವ ಆಗುತ್ತಿದೆ ಎಂದು ತೋರಿಸಿದರೂ ಯಾರೂ ತಮ್ಮನ್ನು ಕರೆಯಲಿಲ್ಲ. ಆಮೇಲೆ ಚರ್ಚೆ ನಡೆಸಿದವಳು ನಾನು. ಇಂಥ ಚರ್ಚೆ ನಡೆಸುವ ತರಬೇತಿಗೆ ನನ್ನನ್ನು ಚಿಕ್ಕಬಳ್ಳಾಪುರಕ್ಕೆ ಕಳಿಸಿದವರು ತಾವೇ.

"ಡಾಕ್ಟರನ್ನ ಯಾಕೆ ಕರೀಲಿಲ್ಲ?" ಎಂದು ಕೇಳಿದೆ.

"ಬೈತಾರೆ ಅಂತ ಭಯ ಸಿಸ್ಟರ್. ಹೋದ ತಿಂಗಳು ಸಾದಲಿ ಊರಿಂದ ಬಂದಿದ್ದ ಹುಡುಗಿ ಹೆರಿಗೇಲೂ ಅದಕ್ಕೇ ತಡ ಆಯ್ತು," ಎಂದು ಒಬ್ಬ ನರ್ಸ್ ಅತ್ತಳು.

ಇಪ್ಪತ್ತೆರಡು ವರ್ಷದ ಆ ತಾಯಿ ಬದುಕಿದಳು, ಗರ್ಭಕೋಶ ಉಳಿಯಲಿಲ್ಲ.

ಹಾಗೆ ಹೇಳಿದವಳ ಹೆಸರನ್ನು ಇಂದು ಸಂಜೆಯೊಳಗೆ ಬರೆದುಕೊಡಬೇಕೆಂದು ತಾವು ಹೇಳಿದ್ದೀರಿ. ಆದರೆ ಚರ್ಚೆಗೆ ಕೂರುವ ಮುಂಚೆ, "ಇಲ್ಲಿ ಆಡಿದ ಮಾತಿಂದ ಯಾರಿಗೂ ತೊಂದರೆ ಆಗಲ್ಲ," ಎಂದು ನಾನು ಎಲ್ಲರಿಗೂ ಭರವಸೆ ಕೊಟ್ಟಿದ್ದೆ. ಈಗ ಹೆಸರು ಕೊಟ್ಟರೆ ಮತ್ತೆ ಯಾರೂ ಬಾಯಿ ಬಿಡುವುದಿಲ್ಲ.

ಹೆಸರು ಬೇಕೇ ಬೇಕೆಂದರೆ ನನ್ನದನ್ನು ಬರೆದುಕೊಳ್ಳಿ. ಹೋದ ತಿಂಗಳು ಆ ಹುಡುಗಿಯ ಹೆರಿಗೆಯ ದಿನ ಡ್ಯೂಟಿಯಲ್ಲಿ ನಾನೂ ಇದ್ದೆ. ಹಾಸಿಗೆ ರಕ್ತದಲ್ಲಿ ತೊಯ್ಯುತ್ತಿದ್ದುದನ್ನು ನೋಡಿ ತಮ್ಮ ನಂಬರ್ ಒತ್ತಿದೆ, ರಿಂಗ್ ಆಗುವ ಮೊದಲೇ ಕಟ್ ಮಾಡಿದೆ. ಮತ್ತೆ ಕರೆಯಲು ಹತ್ತು ನಿಮಿಷ ಬೇಕಾಯಿತು. ಗುರುವಾರ ಅದನ್ನು ಹೇಳದೆ ಕೂತವಳೂ ನಾನೇ.

ಮುಂದಿನ ಚರ್ಚೆಗೆ ತಾವೂ ಬಂದು ನಮ್ಮ ಜೊತೆ ಕೂರಬೇಕೆಂದು ಕೋರುತ್ತೇನೆ. ಮೊದಲು ನಾನು ಮಾತಾಡುತ್ತೇನೆ.

ತಮ್ಮ ವಿಧೇಯಳು,
ನೌರೀನ್
ಸ್ಟಾಫ್ ನರ್ಸ್, ಹೆರಿಗೆ ವಾರ್ಡು