ಕವಚ ಕಂಡವಳ ಹೆಸರು

ಗಾಜುವಾಕ, ವಿಶಾಖಪಟ್ಟಣ
೧೪ ನವೆಂಬರ್ ೨೦೦೭

ನನ್ನ ಸಹನಾಳಿಗೆ, ನಿನ್ನ ಬಿಂದು ಮಾಡುವ ನೆನಪುಗಳು.

ಫೋನ್ ಮಾಡಬಹುದಿತ್ತು. ಆದರೆ ನೀನು ನಡುವೆ ಬಾಯಿ ಹಾಕಿ "ಅದ್ರಲ್ಲೇನಿದೆ ಬಿಡೇ" ಅಂತ ಮಾತು ತೇಲಿಸಿಬಿಡುತ್ತೀಯ. ಇದನ್ನು ಕೂತು ಪೂರ್ತಿ ಓದು.

ನೀನು ಹೇಳಿದ್ದೇ ನಿಜವಾಯಿತು ಕಣೇ.

ವಿಜಯವಾಡದ ನಿನ್ನ ಆಸ್ಪತ್ರೆಯಲ್ಲಿ ಹಸುಗೂಸುಗಳು ಒಂದರ ಹಿಂದೊಂದು ಜ್ವರಕ್ಕೆ ಬಿದ್ದಾಗ, ಅವುಗಳ ರಕ್ತದಿಂದ ಲ್ಯಾಬಿನ ತಟ್ಟೆಯಲ್ಲಿ ಬೆಳೆದ ಬ್ಯಾಕ್ಟೀರಿಯಾವನ್ನು ತಂತಿಯ ತುದಿಯಿಂದ ಎತ್ತಿ ನೋಡಿದವಳು ನೀನು. ಬೆಲ್ಲದ ಪಾಕದ ಹಾಗೆ ಎಳೆ ಬಂತು ಅಂದಿದ್ದೆ. ದಪ್ಪ ಕವಚ ತೊಟ್ಟ ಜಾತಿ ಅದು. ರಕ್ತದ ಬಿಳಿ ಕಣಗಳು ಅದನ್ನು ಸುಲಭವಾಗಿ ನುಂಗಲಾರವು. ಅದೇ ವಾರ್ಡಿನ ಬೇರೊಂದು ತಳಿ, ಮೊದಲು ಕವಚವಿಲ್ಲದೆ ಬೋಳಾಗಿದ್ದದ್ದು, ಆಮೇಲೆ ಅಂಥದೇ ಎಳೆ ಬಿಟ್ಟಿತು. ಕವಚ ಒಂದರಿಂದ ಇನ್ನೊಂದಕ್ಕೆ ದಾಟಿದೆ ಎಂದು ನೀನು ಹೇಳಿದರೆ, ನಿನ್ನ ಮೇಲಿನ ಡಾಕ್ಟರು ತಟ್ಟೆಗೆ ಬೇರೇನೋ ಬೆರೆತು ಕೆಟ್ಟಿದೆ ಎಂದರು. ನೀನು ಹಟ ಹಿಡಿದು ಆ ಕೂಸುಗಳನ್ನು ಬೇರೆ ಕೋಣೆಗೆ ಹಾಕಿಸಿದೆ. ಆಮೇಲೆ ವಾರ್ಡಿನಲ್ಲಿ ಹೊಸದಾಗಿ ಯಾವ ಮಗುವಿಗೂ ಜ್ವರ ಬರಲಿಲ್ಲ. ಎರಡೂ ತಳಿಗಳನ್ನು ಐಸ್ ಡಬ್ಬಿಯಲ್ಲಿಟ್ಟು ನನ್ನ ಲ್ಯಾಬಿಗೆ ತಂದುಕೊಟ್ಟೆ.

ಎರಡರಲ್ಲೂ ಕವಚದ ಜೀನ್‌ಗಳು ಇರುವ ಡಿಎನ್‌ಎ ತುಣುಕು ಒಂದೇ, ಅಕ್ಷರಕ್ಕೆ ಅಕ್ಷರ. ತನ್ನನ್ನು ತಾನೇ ಕಿತ್ತುಕೊಂಡು ಪಕ್ಕದ ಬ್ಯಾಕ್ಟೀರಿಯಾಕ್ಕೆ ಹೋಗಲು ಬೇಕಾದದ್ದೂ ಅದರಲ್ಲೇ ಇದೆ. ಕವಚದ ತಳಿಯ ಜೊತೆ ನಮ್ಮ ಲ್ಯಾಬಿನ ಇನ್ನೊಂದು ಬೋಳು ತಳಿಯನ್ನು ಒಂದೇ ಕೊಳವೆಯಲ್ಲಿ ಬೆಳೆಸಿ, ಬೋಳನ್ನು ಮತ್ತೆ ಬೇರ್ಪಡಿಸಿ ನೋಡಿದೆ. ತಂತಿ ಎತ್ತಿದೆ, ಎಳೆ ಬಂತು. ಲ್ಯಾಬಿನಲ್ಲಿ ಯಾರೂ ಇರಲಿಲ್ಲ, ಇದ್ದಿದ್ದರೂ ಕುಣಿಯುತ್ತಿದ್ದೆ.

ನನ್ನ ಗೈಡ್ ಸತ್ಯಮೂರ್ತಿ ಸರ್ ಪ್ರಬಂಧ ಓದಿ ಖುಷಿಪಟ್ಟರು. ಆಮೇಲೆ ಲೇಖಕರ ಸಾಲಿನಿಂದ ನಿನ್ನ ಹೆಸರು ಹೊಡೆದುಹಾಕಿದರು. "ಸ್ಯಾಂಪಲ್ ಕೊಟ್ಟವರಿಗೆ ಕೊನೇಲಿ ಒಂದು ಥ್ಯಾಂಕ್ಸ್ ಸಾಕಮ್ಮಾ" ಅಂದರು.

"ಆಕೆ ಕೊಟ್ಟಿದ್ದು ಸ್ಯಾಂಪಲ್ ಅಲ್ಲ ಸರ್, ಉತ್ತರ. ಅದು ಸರಿನಾ ಅಂತ ನಾನು ನೋಡಿದೆ ಅಷ್ಟೇ" ಅಂದೆ.

"ಚೂದ್ದಾಂ, ನೋಡೋಣ" ಎನ್ನುತ್ತಾ ಎದ್ದುಹೋದರು.

ನಿನ್ನೆ ವಿಭಾಗದ ಎಲ್ಲರ ಮುಂದೆ ನಾನು ಈ ಕೆಲಸದ ಬಗ್ಗೆ ಮಾತಾಡಬೇಕಿತ್ತು. ನಿನ್ನ ಹೆಸರಿನಿಂದಲೇ ಶುರು ಮಾಡಿದೆ. ಆ ವಾರ್ಡು, ತಂತಿ, ನಿನ್ನ ಹಟ, ಒಂದನ್ನೂ ಬಿಡಲಿಲ್ಲ. ಹಿರಿಯರಾದ ಗಂಗಾಭವಾನಿ ಮೇಡಂ, "ಆ ಡಾಕ್ಟರನ್ನು ಇಲ್ಲಿಗೆ ಕರೆಸಿ, ಮಿಕ್ಕದ್ದನ್ನು ಆಕೆಯ ಬಾಯಿಂದಲೇ ಕೇಳೋಣ" ಎಂದರು. ಸರ್ ಮುಖ ಗಂಟಿಕ್ಕಿಕೊಂಡೇ ಕೂತಿದ್ದರು. ಇವತ್ತು ಪ್ರಬಂಧಕ್ಕೆ ಸಹಿ ಹಾಕಿದರು: ನಿನ್ನ ಹೆಸರು ಮೊದಲು, ನನ್ನದು ಅದರ ಪಕ್ಕದಲ್ಲಿ. ಎಷ್ಟು ಸಲ ನೋಡಿಕೊಂಡೆನೋ.

ನಿನ್ನ ಗೆಳತಿ ಎಂದು ಊರೆಲ್ಲ ಹೇಳಿಕೊಂಡು ಬೀಗುತ್ತಿರುವ,
ಬಿಂದುಶ್ರೀ

ತಾ.ಕ.: ಸಹಿ ಹಾಕಿದ ಮೇಲೆ ಸರ್ ಇನ್ನೊಂದು ಮಾತು ಹೇಳಿದರು, ಮುಂದಿನ ತಿಂಗಳಿಂದ ಲ್ಯಾಬಿನಲ್ಲಿ ನನಗೆ ಜಾಗವಿಲ್ಲವಂತೆ. ಇದಕ್ಕೆ ನೀನು ಅತ್ತರೆ ನನಗೆ ಸಿಟ್ಟು ಬರುತ್ತದೆ. ಅಲ್ಲಿಯವರೆಗೂ ಕಾಯದೆ ಶನಿವಾರವೇ ರತ್ನಾಚಲ್ ರೈಲಿಗೆ ಹೊರಟು ಬರುತ್ತಿದ್ದೇನೆ, ಬೇರೆ ಕೆಲಸ ಸಿಗುವವರೆಗೆ ನಿನ್ನ ರೂಮಿನಲ್ಲಿ ಒಂದು ಚಾಪೆ ಹಾಸು.