ಅಪ್ಪಚ್ಚನ ವಾಷರ್ ಡಬ್ಬಿ

ಮೀನಚ್ಚಿಲ್ ಹೊಳೆಯ ತೆಂಕಣ ದಂಡೆಯ ಮೂರೂವರೆ ಎಕರೆ ರಬ್ಬರ್ ಸಾಮ್ರಾಜ್ಯದ ಏಕಛತ್ರಾಧಿಪತಿ, ಹಾಳೆ ಒಣಗಿಸುವ ಹೊಗೆಮನೆಯ ಒಡೆಯ, ಬಿಳಿಯ ಡೀಸೆಲ್ ಕಾರನ್ನೇರಿ ಭಾನುವಾರಕ್ಕೊಮ್ಮೆ ಇಗರ್ಜಿಗೆ ದಯಮಾಡಿಸುತ್ತಿದ್ದ, ಎದುರಿಗೆ ಬಂದ ಬಸ್ಸಿಗೂ ದಾರಿ ಬಿಡದ ಧೀರ, ಪ್ಲಾತ್ತೋಟ್ಟತ್ತಿಲ್ ಔಸೇಪ್ ಮಹಾಪ್ರಭುಗಳ ದಿವ್ಯ ಸನ್ನಿಧಾನಕ್ಕೆ,

ತಮ್ಮ ಮೊಮ್ಮಗನೂ, ತಮ್ಮಿಂದ ಹದಿನೇಳು ಬಾರಿ ಮನೆಯಿಂದ ಹೊರಗೆ ಅಟ್ಟಿಸಿಕೊಂಡು ಹದಿನೇಳು ಬಾರಿಯೂ ಅಡುಗೆಮನೆ ಬಾಗಿಲಿನಿಂದ ಒಳಗೆ ಬಂದವನೂ ಆದ ಟಿಜೋ ಮಾಡಿಕೊಳ್ಳುವ ಸಾಷ್ಟಾಂಗ ವಿಜ್ಞಾಪನೆ.

ಅಪ್ಪಚ್ಚಾ, ನೀವು ಮಣ್ಣು ಸೇರಿ ಎರಡು ತಿಂಗಳ ಮೇಲಾಯಿತು. ಅಲ್ಲಿಗೆ ಸುದ್ದಿ ತಲುಪುತ್ತದೋ ಇಲ್ಲವೋ ತಿಳಿಯದು, ಆದ್ದರಿಂದ ಮೊದಲಿನಿಂದಲೇ ಹೇಳುತ್ತೇನೆ. ನಲವತ್ತೊಂದನೆಯ ದಿನದ ಪ್ರಾರ್ಥನೆ ಮುಗಿದ ಮರುದಿನ ನಿಮ್ಮ ಧರ್ಮಪತ್ನಿ ಅಮ್ಮಚ್ಚಿ ನನ್ನನ್ನು ಕರೆದರು. "ಡೀಸೆಲ್ ಫಿಲ್ಟರ್ ಬದಲಾಯಿಸೋ ಕಾಲ ಆಯ್ತು ಕಣೋ. ಅವರಿದ್ದಿದ್ರೆ ಇಷ್ಟೊತ್ತಿಗೆ ಮಾಡಿ ಮುಗಿಸ್ತಿದ್ರು. ವರ್ಕ್‌ಶಾಪಿಗೆ ಮಾತ್ರ ಕೊಡ್ಬೇಡ. ಆ ಕಾರಿಗೆ ಹೊರಗಿನೋರು ಕೈ ಹಾಕಿದ್ದಿಲ್ಲ."

ಹೊಸ ಫಿಲ್ಟರಿನ ಪೆಟ್ಟಿಗೆಯಲ್ಲಿ ಒಂದು ಕಪ್ಪು ವಾಷರ್ ಇತ್ತು. ಅದನ್ನು ಹಾಕಲು ಹೋದಾಗ ಅಮ್ಮಚ್ಚಿ ತಡೆದು, ಅಂಗೈಯಲ್ಲಿ ಹಿಡಿದು ತಂದಿದ್ದ ಕಂದುಬಣ್ಣದ ವಾಷರನ್ನು ಕೊಟ್ಟರು. ನಿಮ್ಮ ಹೊಗೆಮನೆಯಲ್ಲಿ ಒಣಗಿದ ರಬ್ಬರ್ ಹಾಳೆಯಿಂದ ನೀವೇ ಚಾಕುವಿನಲ್ಲಿ ಕೊರೆದದ್ದು. "ಊರಿಗೆಲ್ಲ ರಬ್ಬರ್ ಕೊಡೋನು ನಾನು, ಒಂದು ವಾಷರಿಗೆ ಅಂಗಡಿ ಮುಂದೆ ನಿಲ್ಬೇಕಾ?" ಎಂದು ನೀವು ಎದೆಯುಬ್ಬಿಸುತ್ತಿದ್ದಿರಲ್ಲ, ಆ ವಂಶದ್ದು. "ಅವರು ಕೊನೇಲಿ ಕೊರೆದಿದ್ದು ಇದೇ. ಇದನ್ನೇ ಹಾಕು" ಎಂದರು. ಕಣ್ಣಿಗೊತ್ತಿಕೊಂಡು ಹಾಕಿದೆ.

ಮಾರನೆಯ ಬೆಳಿಗ್ಗೆ ಕಾರಿನ ಕೆಳಗೆ ಅಂಗೈಯಗಲದ ಒದ್ದೆ ಇತ್ತು. ಒರೆಸಿದೆ. ಅದರ ಮರುದಿನ ಎರಡು ಅಂಗೈಯಗಲ. ಮನೆಯವರೆಲ್ಲ ಕಾರನ್ನು ಬಿಟ್ಟು ನನ್ನನ್ನು ನೋಡಿದರು. "ಟಿಜೋ, ಸತ್ತೋರ ಹೆಸರಲ್ಲಿ ಆಟ ಆಡಿದ್ರೆ ಕೈ ಮುರೀತೀನಿ" ಎಂದಳು ಅಮ್ಮ. ಬೈಬಲ್ ಮುಟ್ಟಿ ಆಣೆ ಮಾಡಿದೆ. ಮಾಡದ ತಪ್ಪಿಗೆ ಬೈಸಿಕೊಂಡದ್ದು ಹುಟ್ಟಿದ ಮೇಲೆ ಅದೇ ಮೊದಲು. ರುಚಿಸಲಿಲ್ಲ.

ಆಮೇಲೆ ವಾಸನೆ ಶುರುವಾಯಿತು. ಬೆಳಕು ಹರಿಯುವ ಹೊತ್ತಿಗೆ ಅಂಗಳದ ಗಾಳಿ ನಿಮ್ಮ ಖಾಲಿ ಮಂಚದವರೆಗೆ ಬಂದು ನಿಲ್ಲುತ್ತಿತ್ತು, ಅದರಲ್ಲಿ ಡೀಸೆಲ್ ವಾಸನೆ. ನಿಮ್ಮ ಅಂಗಿಗಳದ್ದೂ, ನಿಮ್ಮ ಹೆಗಲ ಮೇಲಿನ ತೋರ್ತು ವಸ್ತ್ರದ್ದೂ, ನನ್ನ ಕಿವಿ ಹಿಂಡುತ್ತಿದ್ದ ಬೆರಳುಗಳದ್ದೂ ಅದೇ ವಾಸನೆಯಲ್ಲವೇ? ಅಮ್ಮಚ್ಚಿ ಹಾಲಿಲ್ಲದ ಕಟ್ಟನ್ ಕಾಪಿ ಎರಡು ಲೋಟ ಮಾಡಿ, ಒಂದನ್ನು ಜಗಲಿಯ ಕಟ್ಟೆಯ ಮೇಲಿಡತೊಡಗಿದರು. ಕಾರಿನ ಕೆಳಗೇ ಮಲಗುತ್ತಿದ್ದ ಕೈಸರ್ ನಾಯಿ ಅಲ್ಲಿಂದೆದ್ದು ದೂರ ಕುಳಿತು, ಯಾರೂ ಇಲ್ಲದ ಡ್ರೈವರ್ ಸೀಟನ್ನು ನೋಡುತ್ತಾ ಬಾಲ ಅಲ್ಲಾಡಿಸುತ್ತಿತ್ತು. ಅದು ನನಗೆ ಸರಿಬರಲಿಲ್ಲ ಅಪ್ಪಚ್ಚಾ. ಬೊಗಳಿದ್ದರೆ ಧೈರ್ಯವಾಗಿರುತ್ತಿತ್ತು.

ಭಾನುವಾರ ಅಮ್ಮನನ್ನೂ ಅಮ್ಮಚ್ಚಿಯನ್ನೂ ಕೂರಿಸಿಕೊಂಡು ಇಗರ್ಜಿಗೆ ಹೊರಟೆ. ಸ್ಮಶಾನದ ಗೇಟಿನ ಮುಂದೆ, ನಿಮ್ಮ ಕಲ್ಲು ಕಾಣುವ ಜಾಗಕ್ಕೆ ಸರಿಯಾಗಿ, ಎಂಜಿನ್ ನಿಂತಿತು. ಬಾನೆಟ್ ಎತ್ತಿ ಕೈಪಂಪನ್ನು ಮೂವತ್ತು ಸಲ ಒತ್ತಿದ ಮೇಲೆ ಹೊರಟಿತು. ಎರಡನೆಯ ಭಾನುವಾರವೂ ಅಲ್ಲೇ. ಮೂರನೆಯ ಭಾನುವಾರ ಗೇಟನ್ನು ಒಂದೇ ಉಸಿರಿಗೆ ದಾಟಿಬಿಡೋಣವೆಂದು ವೇಗ ಹೆಚ್ಚಿಸಿದೆ. ಕಾರು ಎರಡು ಬಾರಿ ಕೆಮ್ಮಿತು. ನೀವು ನನ್ನ ಕಳ್ಳತನ ಹಿಡಿದಾಗ ಬಾಗಿಲ ಹಿಂದೆ ನಿಂತು ಕೆಮ್ಮುತ್ತಿದ್ದ ಹಾಗೆಯೇ ಕೆಮ್ಮಿ, ಅದೇ ಜಾಗದಲ್ಲಿ ನಿಂತಿತು.

ಅಮ್ಮಚ್ಚಿ ಮಾತ್ರ ಬಸ್ಸಿನ ವೇಳೆ ಹೇಳುವವರ ಹಾಗೆ ಹೇಳಿದರು. "ಮೂರು ಸಲ ಕರೆದ್ರು. ಮುಂದಿನ ವಾರವೂ ನಿಂತ್ರೆ ನಾನು ಇಳಿದು ಹೋಗ್ತೀನಿ. ಪಾಪ, ಎಷ್ಟು ಸಲ ಅಂತ ಕರೀತಾರೆ?"

ಆ ವಾರ ಅವರು ಬಿಳಿಯ ಕುಪ್ಪಸ, ಮುಂಡು ಇಸ್ತ್ರಿ ಮಾಡಿಸಿ ಟ್ರಂಕಿನಲ್ಲಿ ಮೇಲುಗಡೆ ಇಟ್ಟರು. "ಹುಡುಕಾಡೋದು ಬೇಡ, ಇದನ್ನೇ ಉಡ್ಸಿ" ಎಂದು ಅಮ್ಮನಿಗೆ ತೋರಿಸಿದರು. ಕೋಳಿಗಳನ್ನು ಪಕ್ಕದ ಮನೆಗೆ ಕೊಟ್ಟುಬಿಟ್ಟರು. ಒಂದು ಬಟ್ಟಲು ಗಂಜಿ ಅರ್ಧ ಬಟ್ಟಲಾಯಿತು. ಗುರುವಾರ ಮರಗೆಣಸಿನ ಕಪ್ಪ, ಮೀನುಸಾರನ್ನು ದೂರ ಸರಿಸಿದರು. ನಗಿಸಲು ನಾನು ನಿಮ್ಮ ಹಾಗೆ ಮುಂಡು ಎತ್ತಿಕಟ್ಟಿ ನಡೆದು ತೋರಿಸಿದೆ. ನಗಲಿಲ್ಲ. ನನ್ನ ಹಿಂದೆ ಇನ್ನಾರನ್ನೋ ನೋಡುತ್ತಿದ್ದರು. ತಿರುಗಿ ನೋಡಲು ನನಗೆ ಧೈರ್ಯವಾಗಲಿಲ್ಲ.

ಶನಿವಾರ ಬೆಳಿಗ್ಗೆ ತಡೆಯಲಾರದೆ ಮೆಕ್ಯಾನಿಕ್ ಸುಗುಣನ್ ಆಶಾನರ ವರ್ಕ್‌ಶಾಪಿಗೆ ನಡೆದೇ ಹೋದೆ. ಎಲ್ಲ ಕೇಳಿ ಅವರು ಹೊಟ್ಟೆ ಹಿಡಿದು ನಕ್ಕರು. "ಲೇ ಪ್ಲಾತ್ತೋಟ್ಟದ ಕುಡಿಯೇ! ತೋಟದ ರಬ್ಬರಿಗೆ ಡೀಸೆಲ್ ಅಂದ್ರೆ ನನಗೆ ಕಳ್ಳು ಇದ್ದಂಗೆ. ಕುಡಿಯತ್ತೆ, ಊದ್ಕೊಳ್ಳತ್ತೆ, ಆಮೇಲೆ ಎಲ್ಲಿ ಕೂರಿಸಿದ್ರೂ ಕೂರಲ್ಲ. ಎಣ್ಣೆ ಹೊರಗೆ, ಗಾಳಿ ಒಳಗೆ. ವಾರ ಪೂರ್ತಿ ನಿಂತ ಗಾಡಿ ಫಿಲ್ಟರಿನಿಂದ ಮುಂದೆ ಉಳಿದಿರೋ ಎಣ್ಣೇಲಿ ಒಂದಿಷ್ಟು ದೂರ ಓಡಿ ನಿಲ್ಲತ್ತೆ. ಅಲ್ಲಿಗೆ ಸರಿಯಾಗಿ ಸ್ಮಶಾನ ಬಂದ್ರೆ ಅದಕ್ಕೆ ಗಾಡಿ ಏನ್ಮಾಡತ್ತೆ?"

"ಹಾಗಾದ್ರೆ ಇಷ್ಟು ವರ್ಷ ಅಪ್ಪಚ್ಚನ್ ಕೈಲಿ ಹೇಗೆ ಓಡ್ತು?" ಎಂದು ಕೇಳಿದೆ.

ಆಶಾನರ ನಗು ನಿಂತಿತು. "ಅದು... ನನಗೂ ಗೊತ್ತಿಲ್ಲ ಕಣೋ."

ಮನೆಗೆ ಬಂದು ಸ್ಪ್ಯಾನರಿಗಾಗಿ ಡ್ರೈವರ್ ಸೀಟಿನ ಕೆಳಗೆ ಕೈ ಹಾಕಿದಾಗ ಒಂದು ಬಿಸ್ಕತ್ತಿನ ಡಬ್ಬಿ ಸಿಕ್ಕಿತು. ಮುಚ್ಚಳ ತೆಗೆದರೆ ಒಳಗೆಲ್ಲ ವಾಷರುಗಳು, ನೂರಾರು. ಡೀಸೆಲ್ ಕುಡಿದು ಊದಿ, ಮುದುಡಿ, ಮನುಷ್ಯರ ಕಿವಿಗಳನ್ನು ಕೊಯ್ದು ತುಂಬಿಸಿಟ್ಟಂತೆ ಕಂಡವು. ಡಬ್ಬಿ ಕೈಯಿಂದ ಜಾರಿತು. ಆಮೇಲೆ ಅರ್ಥವಾಯಿತು. "ನಾನು ಕಾರಿನ ಹತ್ರ ಇರೋವಾಗ ಯಾರೂ ಬರ್ಕೂಡದು" ಎಂದು ಶನಿವಾರ ಸಂಜೆಗಳಲ್ಲಿ ಗುಡುಗುತ್ತಿದ್ದಿರಲ್ಲ, ಮಹಾಪ್ರಭು! ವಾರಕ್ಕೊಂದು ವಾಷರ್ ಕೊರೆದು, ಹಳೆಯದನ್ನು ಬಚ್ಚಿಟ್ಟು, ನೆಲ ಒರೆಸಿ, ಏನೂ ಆಗದವರಂತೆ ಬಂದು ಕಾಪಿ ಕುಡಿಯುತ್ತಿದ್ದಿರಿ. ನಿಮ್ಮ ರಬ್ಬರು ಸೋರುತ್ತದೆಂದು ನಿಮಗೆ ಗೊತ್ತಿತ್ತು. ಒಪ್ಪಿಕೊಳ್ಳುವುದೊಂದು ಬರಲಿಲ್ಲ.

ಊದಿದ ವಾಷರನ್ನು ಕಿತ್ತೆ. ಕೂರುವ ಜಾಗ ಒರೆಸಿ, ಅಂಗಡಿಯ ಕಪ್ಪು ವಾಷರಿಗೆ ಡೀಸೆಲ್ ಸವರಿ ಕೂರಿಸಿ, ಆಶಾನ್ ಹೇಳಿದಂತೆ ಕೈಯಲ್ಲೇ ಬಿಗಿದೆ. ಗಾಳಿ ಬಿಡುವ ತಿರುಪು ಸಡಿಲಿಸಿ, ಗುಳ್ಳೆ ನಿಲ್ಲುವ ತನಕ ಪಂಪು ಒತ್ತಿದೆ. ಕೆಳಗೆ ಹಳೆಯ ಪೇಪರು ಹಾಸಿದೆ. ಡಬ್ಬಿಯನ್ನು ಒಯ್ದು ಅಮ್ಮಚ್ಚಿಯ ಮುಂದಿಟ್ಟು, ಆಶಾನ್ ಹೇಳಿದ್ದನ್ನೂ ಹೇಳಿದೆ. ಅವರು ಒಂದು ವಾಷರನ್ನು ಎತ್ತಿ ಮೂಸಿ, ಮುಚ್ಚಳ ಹಾಕಿದರು.

ಭಾನುವಾರ ಬೆಳಿಗ್ಗೆ ಪೇಪರು ಗರಿಗರಿ ಒಣಗಿತ್ತು. ಅದರ ಮೇಲೆ ಕೈಸರ್ ಮಲಗಿತ್ತು. ಆ ಬಿಳಿಯ ಕುಪ್ಪಸ ತೊಟ್ಟ ಅಮ್ಮಚ್ಚಿ ಮುಂದಿನ ಸೀಟಿನಲ್ಲಿ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಕುಳಿತರು. ಕಾರು ಬೆಣ್ಣೆಯಂತೆ ಹೊರಟಿತು. ಗೇಟು ಬಂತು.

ಕಾರು ನಿಂತಿತು.

ಕೆಮ್ಮಲೂ ಇಲ್ಲ ಅಪ್ಪಚ್ಚಾ. ಯಾರೋ ಬಾಯಿ ಮುಚ್ಚಿದಂತೆ ನಿಂತಿತು. ಹಿಂದೆ ಅಮ್ಮ ಶಿಲುಬೆಯ ಗುರುತು ಹಾಕಿಕೊಂಡಳು. ತೋಟದ ಕಡೆಯಿಂದ ಒಂದು ಹಕ್ಕಿಯ ದನಿಯೂ ಇಲ್ಲ. ಅಮ್ಮಚ್ಚಿ ಬಾಗಿಲು ತೆರೆದು ಇಳಿದು, ಗೇಟು ದಾಟಿ, ನೆಟ್ಟಗೆ ನಿಮ್ಮ ಕಲ್ಲಿನ ಮುಂದೆ ಹೋಗಿ ನಿಂತರು. ನಾನು ಹಿಂದೆ ಹೋದೆ. ಅವರು ಡಬ್ಬಿ ತೆಗೆದು ವಾಷರುಗಳನ್ನು ಒಂದೊಂದಾಗಿ ಕಲ್ಲಿನ ಮೇಲೆ ಜೋಡಿಸಿದರು. ಆಮೇಲೆ ನಿಮಗೆ ಕೇಳಿಸಿಯೇ ಇರುತ್ತದೆ. ಹೊಳೆಯಾಚೆಗೂ ಕೇಳಿಸಿತಂತೆ.

"ಐವತ್ತೊಂದು ವರ್ಷ! ಐವತ್ತೊಂದು ವರ್ಷ ನಿಮ್ಮ ಅಂಗಿ ತಿಕ್ಕಿ ತಿಕ್ಕಿ ನನ್ನ ಕೈ ಸವೆದು ಹೋಯ್ತು, ಸೋರ್ತಿದೆ ಕಣೇ ಅಂತ ಒಂದು ಮಾತು ಹೇಳೋಕೆ ಆಗ್ಲಿಲ್ಲ ಅಲ್ವಾ ನಿಮ್ಗೆ? ಈಗ ಕರೀತಾರಂತೆ! ಹಾರ್ನ್ ಹೊಡೆದ ತಕ್ಷಣ ಒಲೆ ಬಿಟ್ಟು ಓಡಿ ಬರ್ತಿದ್ದೆ, ಅದೇ ಅಭ್ಯಾಸ ಆಗಿದೆ. ಬರಲ್ಲ ಹೋಗ್ರಿ! ಕೋಳಿ ವಾಪಸ್ ತರ್ಬೇಕು, ಕಾಳುಮೆಣಸು ಕೀಳಿಸ್ಬೇಕು. ಕಾಯ್ತಾ ಇರಿ ಅಲ್ಲೇ!"

ಮಧ್ಯಾಹ್ನ ಕಪ್ಪ, ಮೀನುಸಾರು ಎರಡು ಸಲ ಹಾಕಿಸಿಕೊಂಡರು. ಕುಪ್ಪಸಕ್ಕೆ ಸಾರು ಚೆಲ್ಲಿಕೊಂಡು, "ಇನ್ನು ಇದನ್ನ ಉಡ್ಸೋ ಹಾಗಿಲ್ಲ" ಎಂದು ತಾವೇ ನಕ್ಕರು. ನಾಲ್ಕನೆಯ ಸಲ ಅಪ್ಪಚ್ಚನ್ ಕಾರು ನಿಲ್ಲಿಸಿದ್ದು ಬೈಸಿಕೊಳ್ಳೋಕೆ ಎಂದು ಈಗ ಊರೆಲ್ಲ ಹೇಳುತ್ತಿದೆ. ಆಶಾನರೂ ಟೋಪಿ ತೆಗೆದು, "ಅದು ಮಾತ್ರ ನನ್ನ ಲೆಕ್ಕಕ್ಕೆ ಸಿಗಲ್ಲಪ್ಪ" ಎಂದರು.

ನಿಮ್ಮ ಮಣ್ಣು ತಣ್ಣಗಿರಲಿ. ಅಲ್ಲಿನ ಕಾಪಿ ಕಡಕ್ ಆಗಿರಲಿ. ಅಮ್ಮಚ್ಚಿಯ ಬೈಗುಳ ವರ್ಷಕ್ಕೊಮ್ಮೆಯಾದರೂ ನಿಮ್ಮ ಕಿವಿಗೆ ಬೀಳುತ್ತಿರಲಿ.

ತಮ್ಮ ಪಾದಧೂಳಿಯೂ, ತಮ್ಮ ಸೀಟಿನ ಈಗಿನ ಅನರ್ಹ ಒಡೆಯನೂ ಆದ,
ಟಿಜೋ

ಒಂದು ಚಿಕ್ಕ ವಿಷಯ ಬಿಟ್ಟುಹೋಯಿತು. ನಿನ್ನೆ ಗೇಟಿನ ಹತ್ತಿರ ಎಂಜಿನ್ ಹಾಡುತ್ತಿತ್ತು. ಅಮ್ಮಚ್ಚಿ ಡಬ್ಬಿಯನ್ನು ಎರಡೂ ಕೈಯಲ್ಲಿ ಒತ್ತಿ ಹಿಡಿದು ನಿಮ್ಮ ಕಲ್ಲನ್ನೇ ನೋಡುತ್ತಿದ್ದರು. ಹಾಗೇ ದಾಟಿಹೋದರೆ ಆ ಡಬ್ಬಿಯನ್ನು ಎಲ್ಲಿ ಇಳಿಸುತ್ತಾರೆ ಎನಿಸಿತು. ಎಂಜಿನ್ ನಿಲ್ಲಿಸುವ ಗುಂಡಿ ಎಳೆದದ್ದು ನಾನೇ. ನೀವಲ್ಲವೆಂದು ನಿಮಗೂ ಗೊತ್ತು. ಅಮ್ಮಚ್ಚಿ ಅಲ್ಲಿಗೆ ಬಂದಾಗ, ನಿಧಾನವಾಗಿ ಬರಲಿ, ದಯವಿಟ್ಟು ಕಾರು ನಿಲ್ಲಿಸಿದ್ದು ನೀವೇ ಎಂದು ಒಪ್ಪಿಕೊಂಡುಬಿಡಿ.